ಪೈಲೂರಿನ ನೆಂಟರು

ನೈರೋಬಿಯ ಕನ್ನಡದವರಲ್ಲಿ ಭಾನುಮತಿಯನ್ನು ಭಾನುಮತಿ ಎಂದು ಕರೆಯುವವರು ಯಾರೂ ಇಲ್ಲ. ಚಿಕ್ಕವರಿಗೆ, ದೊಡ್ಡವರಿಗೆ, ಅಷ್ಟೇಕೆ, ತನಗಿಂತ ಹಿರಿಯರಿಗೂ ಆಕೆ ಭಾನಕ್ಕ. ಲಂಗಾಟಾದಲ್ಲಿ ಗೃಹಪ್ರವೇಶವಿರಲಿ, ರಿವರ್‌ಸೈಡಿನ ಆಫೀಸುಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಸೀಮಂತವಿರಲಿ, ಸಾರಿಗೆ ಒಗ್ಗರಣೆ ಬೀಳುವುದು ಆಕೆಯ ಕೈಯಿಂದಲೇ. ಬಾಯಿ ಜೋರು. ನ್ಗಾರಾದ ತರಕಾರಿ ಅಂಗಡಿಯಲ್ಲಿ ಆಕೆ ಚೌಕಾಸಿಗೆ ನಿಂತರೆ ಅರ್ಧ ಸ್ವಾಹಿಲಿ, ಅರ್ಧ ಗುಬ್ಬಿ ತಾಲ್ಲೂಕಿನ ಕನ್ನಡ, ನಡುನಡುವೆ ಸರಿ ಸರಿ ಅನ್ನುವುದಕ್ಕೆ ಒಂದು ‘ಸವಾ, ಸವಾ’. ಅಂಗಡಿಯವನಿಗೆ ಎಷ್ಟು ಅರ್ಥವಾಗುತ್ತಿತ್ತೋ ದೇವರೇ ಬಲ್ಲ, ಕೊತ್ತಂಬರಿ ಕಟ್ಟು ಮಾತ್ರ ಆಕೆ ಹೇಳಿದ ಬೆಲೆಗೇ ಚೀಲಕ್ಕೆ ಬೀಳುತ್ತಿತ್ತು. ಮಾತಿನಲ್ಲಿ ಎಂದೂ ಸೋಲದ ಈ ಹೆಂಗಸನ್ನು ಒಂದು ಸಣ್ಣ ಮಾತು ಹೇಗೆ ಕಾಡಿಸಿತು, ಆಕೆ ಅದನ್ನು ಹೇಗೆ ಗೆದ್ದಳು ಅನ್ನುವುದು ನ್ಗಾರಾದ ಕಡೆ ಈಗ ಎಲ್ಲರ ಬಾಯಲ್ಲೂ ಇದೆ. ಒಬ್ಬೊಬ್ಬರು ಒಂದೊಂದು ತರ ಹೇಳುತ್ತಾರೆ. ನಡೆದದ್ದು ಹೀಗೆ.

ಭಾನಕ್ಕನ ಗಂಡ ಉಮಾಶಂಕರ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಅಲ್ಲಿ ಜ್ವರದ ಮಾತ್ರೆ, ಕೆಮ್ಮಿನ ಸಿರಪ್ಪುಗಳ ಜೊತೆಗೆ ಹೊಟ್ಟೆಯ ಆಸಿಡ್ ತಗ್ಗಿಸುವ ಕ್ಯಾಪ್ಸೂಲನ್ನೂ ತಯಾರು ಮಾಡುತ್ತಾರೆ. ಕಾರ್ಖಾನೆಯಲ್ಲಿ ಅದಕ್ಕೆ ನಾಲಿಗೆ ಹೊರಳದಂಥ ಹೆಸರು. ಮನೆಗೆ ಬಂದರೆ ಅದು ಗ್ಯಾಸ್ ಮಾತ್ರೆ. ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕ ಒಂದು ಸ್ಟೀಲ್ ಡಬ್ಬಿಯಲ್ಲಿ ಅದರ ವಾಸ. ಬೆಳಿಗ್ಗೆ ಕಾಫಿಗೆ ಮುಂಚೆ ಗಂಡನಿಗೊಂದು, ಹೆಂಡತಿಗೊಂದು. ಹಬ್ಬದೂಟ ಮುಗಿದ ಮೇಲೆ ಎಲೆ ಅಡಿಕೆ ತಟ್ಟೆಯ ಬೆನ್ನಿಗೇ ಈ ಡಬ್ಬಿಯೂ ಕೈಯಿಂದ ಕೈಗೆ ಹೋಗುತ್ತಿತ್ತು. ಬೇಡ ಅಂದವರನ್ನು ಭಾನಕ್ಕ ಬಿಡುತ್ತಿರಲಿಲ್ಲ. ಹೋಳಿಗೆ ಅಷ್ಟು ತಿಂದಿದ್ದೀರ, ಹಾಕ್ಕೊಳ್ಳಿ ಒಂದು, ಎಂದು ಅಂಗೈಗೆ ಒತ್ತುತ್ತಿದ್ದಳು.

ಉಮಾಶಂಕರನ ಅಣ್ಣ ಮಂಜುನಾಥ್ ಗುಬ್ಬಿಯಲ್ಲಿ ಮೇಷ್ಟ್ರಾಗಿದ್ದ. ಅವನಿಗೂ ಗ್ಯಾಸ್ಟ್ರಿಕ್. ನಮ್ಮ ಜನಕ್ಕೆ ಎದೆ ಉರಿದರೂ ಗ್ಯಾಸ್ಟ್ರಿಕ್, ತೇಗು ಬಂದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ಆ ಒಂದು ಪದ ಸಿಕ್ಕಿದರೆ ಸಾಕು, ಡಾಕ್ಟರೇ ಬೇಡ. ಮಂಜುನಾಥ್ ವರ್ಷಗಟ್ಟಲೆ ಮೆಡಿಕಲ್ ಸ್ಟೋರಿನಿಂದ ತಾನೇ ಮಾತ್ರೆ ತಂದು ನುಂಗಿದ. ಊಟ ಸೇರದಾಯಿತು, ಮೈ ಇಳಿಯಿತು. ದೊಡ್ಡಾಸ್ಪತ್ರೆಯ ಬಾಗಿಲು ತಟ್ಟುವ ಹೊತ್ತಿಗೆ ಹೊಟ್ಟೆಯ ಕ್ಯಾನ್ಸರು ಲಿವರಿಗೂ ಹಬ್ಬಿತ್ತು. ಅವನು ತೀರಿಕೊಂಡ ವರ್ಷ, ಮಹಾಲಯ ಅಮಾವಾಸ್ಯೆಯಲ್ಲಿ, ನ್ಗಾರಾದ ಮನೆಯಲ್ಲೇ ಹಿರಿಯರ ಹಬ್ಬ ಮಾಡಿ ಎಡೆ ಇಟ್ಟರು. ಹೋದವರಿಗೆ ಏನೇನು ಇಷ್ಟವಿತ್ತೋ ಅದೆಲ್ಲ ಎಲೆಯ ಮೇಲಿರಬೇಕು. ಮುದ್ದೆ, ಬಸ್ಸಾರು, ಒಬ್ಬಟ್ಟು, ಮೆಣಸಿನಕಾಯಿ ಬಜ್ಜಿ ಎಲ್ಲ ಇಟ್ಟಾದ ಮೇಲೆ ಉಮಾಶಂಕರ ಡಬ್ಬಿಯಿಂದ ಒಂದು ಗ್ಯಾಸ್ ಮಾತ್ರೆ ತೆಗೆದು ಎಲೆಯ ತುದಿಯಲ್ಲಿಟ್ಟ. ಅಣ್ಣನಿಗೆ ಇದಿಲ್ಲದೆ ಊಟ ಇಳಿಯುತ್ತಿರಲಿಲ್ಲ ಎಂದ. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಭಾನಕ್ಕನೂ ಕಣ್ಣೊರೆಸಿಕೊಂಡು ಕೈ ಮುಗಿದಳು.

ಮುಂದಿನ ವರ್ಷ ಜೂನಿನಲ್ಲಿ ನೈರೋಬಿಯ ಚಳಿ ಶುರುವಾಗುವ ಹೊತ್ತಿಗೆ ಭಾನಕ್ಕನ ಕಣ್ಣಿಗೆ ಒಂದು ವಿಷಯ ಬಿತ್ತು. ಇಲ್ಲಿ ರಾಗಿಗೆ ವಿಂಬಿ ಅನ್ನುತ್ತಾರೆ. ಆ ವಿಂಬಿ ಹಿಟ್ಟಿನಲ್ಲಿ ಆಕೆ ಕಟ್ಟುವ ಮುದ್ದೆಯನ್ನು ಉಮಾಶಂಕರ ಎರಡಕ್ಕೆ ಕಡಿಮೆ ಉಂಡವನೇ ಅಲ್ಲ. ಈಗ ಒಂದರಲ್ಲೇ ಕೈ ತೊಳೆಯುತ್ತಾನೆ. ಕೇಳಿದರೆ ಹೊಟ್ಟೆ ತುಂಬಿತು ಅನ್ನುತ್ತಾನೆ. ಆಮೇಲೆ ಒಂದೂ ಪೂರ್ತಿ ಇಳಿಯದಾಯಿತು. ಮಂಜುನಾಥ್ ಕೂಡ ಹೀಗೇ ತಟ್ಟೆ ಸರಿಸುತ್ತಿದ್ದುದನ್ನು ಆಕೆ ಊರಿಗೆ ಹೋದಾಗ ನೋಡಿದ್ದಳು. ಮಾರನೆಯ ದಿನವೇ ಗಂಡನನ್ನು ಕಾರಿಗೆ ಹತ್ತಿಸಿ ಹೊಟ್ಟೆಯ ಡಾಕ್ಟರ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು.

ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು. ಹೊಟ್ಟೆಯೊಳಗೆ ಒಂದು ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ, ಹೆಸರು ಎಚ್ ಪೈಲೋರಿ. ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಮನೆಯವರಿಂದಲೋ ನೀರಿನಿಂದಲೋ ಬಂದು, ಆಸಿಡ್ಡಿಗೂ ಜಗ್ಗದೆ ಹತ್ತಾರು ವರ್ಷ ಕೂತುಬಿಡುತ್ತದೆ. ಬಹಳ ಜನಕ್ಕೆ ಏನೂ ಮಾಡುವುದಿಲ್ಲ. ಕೆಲವರಿಗೆ ಹುಣ್ಣು ಮಾಡುತ್ತದೆ. ಇನ್ನೂ ಕೆಲವರಿಗೆ ಹೊಟ್ಟೆಯ ಒಳಪದರವನ್ನು ಕೆರೆದು ಕೆರೆದು, ಅದು ಸವೆದು, ಗುಣ ಬದಲಾಗಿ, ಕೊನೆಗೆ ಕ್ಯಾನ್ಸರಿಗೆ ದಾರಿಯಾಗುತ್ತದೆ. ಒಡಹುಟ್ಟಿದವರಿಗೆ ಆಗಿದ್ದರೆ ಹೆಚ್ಚು ಎಚ್ಚರವಿರಬೇಕು. ಭಾನಕ್ಕನ ಕಿವಿಗೆ ಪೈಲೋರಿ ಅನ್ನುವುದು ಪೈಲೂರು ಎಂದು ಬಿತ್ತು. ಗುಬ್ಬಿಯ ಆಚೆ ಎಲ್ಲೋ ಇರುವ ಊರಿನ ಹೆಸರಿನಂತಿತ್ತು. ಕರೆಯದೆ ಬಂದು, ಉಂಡು, ಹೋಗುವ ಮಾತೇ ಎತ್ತದ ನೆಂಟರನ್ನು ಆಕೆ ಜೀವನದಲ್ಲಿ ಬೇಕಾದಷ್ಟು ನೋಡಿದ್ದಳು. ಅಂದಿನಿಂದ ಆ ಬ್ಯಾಕ್ಟೀರಿಯಾ ಆಕೆಯ ಬಾಯಲ್ಲಿ ಪೈಲೂರಿನವರು.

ಪರೀಕ್ಷೆ ಸುಲಭದ್ದು. ಏನೋ ಒಂದು ನೀರು ಕುಡಿಸಿ, ಸ್ವಲ್ಪ ಹೊತ್ತು ಕೂರಿಸಿ, ಒಂದು ಚೀಲಕ್ಕೆ ಊದಿಸುತ್ತಾರೆ. ಪೈಲೂರಿನವರು ಒಳಗಿದ್ದರೆ ಆ ನೀರಿನಲ್ಲಿ ಬೆರೆಸಿದ್ದನ್ನು ಒಡೆಯುತ್ತಾರೆ, ಅದರ ಗುರುತು ಉಸಿರಿನಲ್ಲಿ ಸಿಗುತ್ತದೆ. ನರ್ಸು ಫ್ಲಾವಿಯಾ, ನಗುಮುಖದ ಹುಡುಗಿ. ಅವತ್ತು ಕ್ಲಿನಿಕ್ಕಿನಲ್ಲಿ ಜನವೋ ಜನ. ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಆಕೆ ಅವಸರದಲ್ಲಿ ಕೇಳಿದಳು. ಉಮಾಶಂಕರ ಒಂದು ಕ್ಷಣ ತಡೆದು, ಇಲ್ಲ ಎಂದ. ಬಿಪಿಯಿಲ್ಲ, ಶುಗರಿಲ್ಲ, ಯಾವ ಔಷಧಿಯೂ ಇಲ್ಲ ಎಂದು ಭಾನಕ್ಕ ಪಕ್ಕದಿಂದ ಜಂಬದಿಂದಲೇ ಸೇರಿಸಿದಳು. ಫಲಿತಾಂಶ ಬಂತು. ಪೈಲೂರಿನವರು ಇಲ್ಲ.

ಆದರೂ ಟ್ಯೂಬ್ ಹಾಕಿ ಒಳಗೆ ಒಮ್ಮೆ ನೋಡುವುದು ಒಳ್ಳೆಯದು ಎಂದರು ಡಾಕ್ಟರು. ಉಮಾಶಂಕರ ಒಪ್ಪಲಿಲ್ಲ. ಕ್ಲೀನ್ ಅಂತ ಬಂದಿದೆಯಲ್ಲ, ಮತ್ತೆ ಯಾಕೆ ಕೆದಕಬೇಕು ಎಂದ. ದಾರಿಯುದ್ದಕ್ಕೂ ಹಳೆಯ ಹಾಡು ಗುನುಗಿದ. ಭಾನಕ್ಕ ಮನೆದೇವರಿಗೆ ತುಪ್ಪದ ದೀಪ ಹಚ್ಚಿದಳು. ರಾತ್ರಿ ಅವನು ಮತ್ತೆ ಅರ್ಧ ಮುದ್ದೆಗೇ ತಟ್ಟೆ ಸರಿಸಿದ.

ಇದಾಗಿ ಸ್ವಲ್ಪ ದಿನಕ್ಕೆ ಲಂಗಾಟಾದಲ್ಲಿ ಮೃಣಾಲಿನಿಯ ಸೀಮಂತ. ಮೈಸೂರಿನ ಹುಡುಗಿ, ರಿವರ್‌ಸೈಡಿನ ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ, ಭಾನಕ್ಕನಿಗೆ ಮಗಳ ಹಾಗೆ. ಊಟವಾದ ಮೇಲೆ ಹುಡುಗಿ ಎದೆ ಉಜ್ಜಿಕೊಳ್ಳುತ್ತಾ ಕೂತಿದ್ದನ್ನು ನೋಡಿ ಭಾನಕ್ಕ ಬ್ಯಾಗಿನಿಂದ ಡಬ್ಬಿ ತೆಗೆದಳು.

“ಬೇಡ ಭಾನಕ್ಕ,” ಎಂದಳು ಮೃಣಾಲಿನಿ. “ಡಾಕ್ಟರನ್ನ ಕೇಳ್ದೆ ಯಾವ ಮೆಡಿಸಿನ್ನೂ ತಗೋಬಾರ್ದು ಅಂದಿದಾರೆ.”

“ಇದೇನು ಮೆಡಿಸಿನ್ನೇನೆ? ಗ್ಯಾಸ್ ಮಾತ್ರೆ ಕಣೆ ಇದು!”

ಹೇಳಿದ್ದೇ ತಡ, ಭಾನಕ್ಕನ ಕೈ ನಿಂತ ಹಾಗೇ ನಿಂತಿತು. ತನ್ನ ಬಾಯಿಂದ ಬಂದ ಮಾತು ತನ್ನ ಕಿವಿಗೇ ಬಿದ್ದು ಆಕೆಗೆ ಕ್ಲಿನಿಕ್ಕಿನ ಕುರ್ಚಿ, ಫ್ಲಾವಿಯಾಳ ಪ್ರಶ್ನೆ, ಗಂಡನ ‘ಇಲ್ಲ’, ತಾನು ಅದರ ಮೇಲೆ ಹಾಕಿದ ಒಗ್ಗರಣೆ, ಎಲ್ಲ ಒಟ್ಟಿಗೇ ನೆನಪಾಯಿತು. ಕ್ಲಿನಿಕ್ಕಿಗೆ ಹೋದ ದಿನ ಬೆಳಿಗ್ಗೆಯೂ ಅವನು ಕಾಫಿಗೆ ಮುಂಚೆ ಒಂದು ನುಂಗಿದ್ದ. ದಿನವೂ ನುಂಗುತ್ತಿದ್ದ. ಡಬ್ಬಿ ಮುಚ್ಚಿ ಬ್ಯಾಗಿಗೆ ಹಾಕಿಕೊಂಡಳು. ಆರತಿಗೆ ಹಾಡು ಹೇಳಿ ಎಂದು ಹೆಂಗಸರು ಕರೆದರೆ, ಗಂಟಲು ಕಟ್ಟಿದೆ ಎಂದು ಮೊದಲ ಸಲ ತಪ್ಪಿಸಿಕೊಂಡಳು.

ಮಾರನೆಯ ದಿನ ಗಂಡ ಕಾರ್ಖಾನೆಗೆ ಹೋದ ಮೇಲೆ ಭಾನಕ್ಕ ಮಟಾಟು ವ್ಯಾನು ಹತ್ತಿ ಕ್ಲಿನಿಕ್ಕಿಗೆ ಹೋದಳು. ಫ್ಲಾವಿಯಾಳ ಮುಂದೆ ಡಬ್ಬಿ ತೆರೆದಿಟ್ಟಳು. ಸ್ವಾಹಿಲಿಯಲ್ಲಿ ಔಷಧಿಗೆ ದಾವಾ ಅನ್ನುತ್ತಾರೆ. ನಮ್ಮ ದವಾಖಾನೆಯ ದವಾ ಅದೇ ಇರಬೇಕು ಎಂದು ಭಾನಕ್ಕ ಬಂದ ಹೊಸದರಲ್ಲೇ ಗುರುತಿಟ್ಟುಕೊಂಡಿದ್ದ ಪದ. ಇದು ದಾವಾನಾ ಎಂದು ಕೇಳಿದಳು. ಫ್ಲಾವಿಯಾ ಡಬ್ಬಿ ನೋಡಿದಳು, ಭಾನಕ್ಕನ ಮುಖ ನೋಡಿದಳು. ನಗು ಹೋಯಿತು.

“ಹಿಯೋ ಪಿಯಾ ನಿ ದಾವಾ, ಮಾಮಾ,” ಎಂದಳು. ಇದೂ ಔಷಧಿಯೇ, ಅಮ್ಮಾ.

ಆಮೇಲೆ ಕೂರಿಸಿಕೊಂಡು ನಿಧಾನಕ್ಕೆ ಹೇಳಿದಳು. ಈ ಕ್ಯಾಪ್ಸೂಲು ತಿನ್ನುತ್ತಿದ್ದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸದ್ದಿಲ್ಲದೆ ಮುದುರಿ ಕೂರುತ್ತದೆ. ಉಸಿರಿನ ಪರೀಕ್ಷೆಗೆ ಸಿಕ್ಕದೇ ಹೋಗಬಹುದು. ಎರಡು ವಾರ ಇದನ್ನು ಬಿಟ್ಟು ಮತ್ತೆ ಊದಿಸಬೇಕು. ಅವತ್ತು ನಾನೂ ಹೆಸರು ಹಿಡಿದು ಕೇಳಬೇಕಿತ್ತು, ಪೋಲೆ ಮಾಮಾ, ಕ್ಷಮಿಸಿ ಅಮ್ಮಾ, ಎಂದು ಭಾನಕ್ಕನ ಕೈ ಹಿಡಿದುಕೊಂಡಳು. ಭಾನಕ್ಕನಿಗೆ ಬೈಯಲು ಬಾಯಿ ಬರಲಿಲ್ಲ. ಹೆಸರು ಹಿಡಿದು ಹೇಳದೆ ಹೋದವಳು ತಾನೂ ತಾನೆ.

ಮನೆಯಲ್ಲಿ ಮಾತ್ರ ಬಾಯಿ ಬಂತು. ಉಮಾಶಂಕರ ಕೇಳುವ ಸ್ಥಿತಿಯಲ್ಲಿರಲಿಲ್ಲ. ನಾನು ದಿನಾ ತಯಾರು ಮಾಡುವ ಮಾತ್ರೆಯ ವಿಷಯ ನನಗೇ ಹೇಳಿಕೊಡುತ್ತೀಯಾ ಎಂದು ರೇಗಿದ. ಆಕೆ ಬೈದಳು, ಅತ್ತಳು, ಊಟ ಬಿಟ್ಟಳು. ಒಂದು ದಿನ ತಡೆಯಲಾರದೆ ಮಂಜುನಾಥನ ಹೆಸರು ತೆಗೆದಳು. ಉಮಾಶಂಕರ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೋದ. ಡಬ್ಬಿ ಬಚ್ಚಿಡಬಹುದಿತ್ತು. ಬಚ್ಚಿಟ್ಟರೆ ಕಾರ್ಖಾನೆಯಿಂದ ಇನ್ನೊಂದು ಬರುತ್ತಿತ್ತು. ಕ್ಯಾಪ್ಸೂಲಿನ ಪುಡಿ ಚೆಲ್ಲಿ ಸಕ್ಕರೆ ತುಂಬಿಸು ಎಂದು ಯಾರೋ ಪುಣ್ಯಾತ್ಗಿತ್ತಿ ಸಲಹೆಯನ್ನೂ ಕೊಟ್ಟಳು. ಭಾನಕ್ಕ ಅವಳನ್ನು ಝಾಡಿಸಿ ಕಳಿಸಿದಳು. ಕಟ್ಟಿಕೊಂಡ ಗಂಡನಿಗೆ ಊಟದಲ್ಲಿ ಮೋಸ ಮಾಡುವ ಕೈ ಆಕೆಯದಲ್ಲ. ಇತ್ತ ಅವನ ಬೆಲ್ಟು ಇನ್ನೊಂದು ತೂತು ಒಳಗೆ ಹೋಯಿತು. ಆಕೆಗೆ ಅಡುಗೆಮನೆಯಲ್ಲಿ ಉಪ್ಪು ಹಾಕಿದ್ದು, ಬಿಟ್ಟದ್ದು ಮರೆಯತೊಡಗಿತು.

ಅಷ್ಟರಲ್ಲಿ ಭೀಮನ ಅಮಾವಾಸ್ಯೆ ಬಂತು. ಗಂಡನ ಆಯುಸ್ಸಿಗೆಂದು ಹೆಂಡತಿ ಅವನ ಪಾದ ತೊಳೆದು ಪೂಜೆ ಮಾಡುವ ದಿನ. ಮದುವೆಯಾದಾಗಿನಿಂದ ಭಾನಕ್ಕ ಇದನ್ನು ತಪ್ಪಿಸಿದವಳಲ್ಲ. ಪೂಜೆಯಾದ ಮೇಲೆ ಗಂಡ ಕಾಣಿಕೆ ಕೊಡಬೇಕು. ಪ್ರತಿ ವರ್ಷವೂ ಆಕೆ ಸೀರೆ ಕೇಳುತ್ತಿದ್ದಳು, ಅವನು ಗೊಣಗಿ ಕೊಡಿಸುತ್ತಿದ್ದ, ಅದೊಂದು ಆಟ. ಈ ಸಲ ಮಾತೇ ನಿಂತಿದ್ದ ಮನೆಯಲ್ಲಿ ಅವನು ಬೆಳಿಗ್ಗೆ ಸ್ನಾನ ಮಾಡಿ ಸುಮ್ಮನೆ ಬಂದು ಮಣೆಯ ಮೇಲೆ ಕೂತ. ಹೊರಗೆ ಜುಲೈನ ಮೋಡ, ನೆಲ ಮಂಜುಗಡ್ಡೆ. ಆಕೆ ಬಿಸಿನೀರಲ್ಲಿ ಪಾದ ತೊಳೆದಳು, ಅರಿಶಿನ ಕುಂಕುಮ ಹಚ್ಚಿದಳು, ಗಂಟು ಹಾಕಿದ ಅರಿಶಿನದ ದಾರ ಕೈಗೆ ಕಟ್ಟಿಸಿಕೊಂಡಳು. ಕಾಲು ಮುಟ್ಟಿದಾಗ ಆ ಕಾಲು ಎಷ್ಟು ಸಣ್ಣಗಾಗಿದೆ ಅನ್ನುವುದು ಕೈಗೆ ತಿಳಿಯಿತು.

ಏನು ಬೇಕು ಎಂದು ಅವನು ಕೇಳಿದ. ಆಕೆ ಪೂಜೆಯ ತಟ್ಟೆಯ ಪಕ್ಕದಿಂದ ಸ್ಟೀಲ್ ಡಬ್ಬಿ ತೆಗೆದು ಅವನ ಮುಂದಿಟ್ಟಳು.

“ಸೀರೆ ಬೇಡ ಕಣ್ರೀ. ಇವತ್ತಿಂದ ಹುಣ್ಣಿಮೆವರೆಗೂ ಇದನ್ನ ನಂಗೆ ಕೊಟ್ಬಿಡಿ. ನಿಮ್ಮ ಆಯುಸ್ಸಿಗೆ ನಾನು ವ್ರತ ಮಾಡ್ದೆ. ಈ ಒಂದು ವ್ರತ ನೀವೇ ಮಾಡ್ಬೇಕು.”

ಉಮಾಶಂಕರ ಡಬ್ಬಿಯ ಮುಚ್ಚಳದ ಮೇಲೆ ಬೆರಳಿಟ್ಟ.

“ನಂಗೆ ಗೊತ್ತಿತ್ತು ಕಣೆ ಭಾನು. ಆ ಹುಡುಗಿ ಕೇಳ್ದಾಗ್ಲೇ ಗೊತ್ತಿತ್ತು, ಇದನ್ನ ಹೇಳ್ಬೇಕು ಅಂತ. ಔಷಧಿ ಅಲ್ವಲ್ಲ ಅಂತ ನಂಗೆ ನಾನೇ ಹೇಳ್ಕೊಂಡೆ. ನೀನೂ ಇಲ್ಲ ಅಂದ್ಬಿಟ್ಟೆ. ಒಂದೇ ಒಂದ್ಸಲ ಯಾರಾದ್ರೂ ಕ್ಲೀನ್ ಅನ್ಲಿ ಅನ್ನಿಸ್ತು.”

ಬೇರೆ ದಿನವಾಗಿದ್ದರೆ ಸೂರು ಹಾರಿಹೋಗುತ್ತಿತ್ತು. ಇಷ್ಟು ದಿನ ಆಕೆಯನ್ನು ಹುರಿದು ಮುಕ್ಕಿದ ಮನುಷ್ಯ ಎಲ್ಲ ತಿಳಿದೇ ಸುಮ್ಮನಿದ್ದನಂತೆ! ಸಿಟ್ಟು ಬಾಯಿಯವರೆಗೂ ಬಂತು. ಆದರೆ ಆಗಷ್ಟೇ ಕುಂಕುಮ ಹಚ್ಚಿದ ಆ ಸಣ್ಣಗಾದ ಪಾದ ಕಣ್ಣ ಮುಂದೆಯೇ ಇತ್ತು. ಭಾನಕ್ಕ ದೊಡ್ಡವಳೆನಿಸಿಕೊಂಡದ್ದು ಆ ಗಳಿಗೆಯಲ್ಲಿ. ಮೂರೂ ಲೋಕಕ್ಕೆ ಬೈಯಬಲ್ಲ ಹೆಂಗಸು ಒಂದು ಮಾತೂ ಬೈಯಲಿಲ್ಲ.

“ನಂಗೂ ಹೆದ್ರಿಕೆನೇ,” ಎಂದಳು. “ಒಬ್ಬೊಬ್ರೇ ಯಾಕೆ, ಇಬ್ರೂ ಒಟ್ಟಿಗೇ ಹೆದ್ರೋಣ ಬಿಡಿ.”

ಅವನು ಡಬ್ಬಿಯನ್ನು ಆಕೆಯ ಕಡೆ ತಳ್ಳಿದ. ಆಕೆ ಅದನ್ನು ಅಟ್ಟಕ್ಕೆ ಹಾಕಿದಳು. ತಾನೂ ಅಂದಿನಿಂದ ಮುಟ್ಟುವುದಿಲ್ಲ ಎಂದಳು.

ಆ ಹದಿನೈದು ದಿನದ ವ್ರತ ಶತ್ರುವಿಗೂ ಬೇಡ. ವರ್ಷಗಳಿಂದ ಅದುಮಿಟ್ಟಿದ್ದ ಆಸಿಡ್ಡು ಕಟ್ಟೆ ಒಡೆದಂತೆ ಬಂತು. ಗಂಡ ಎದೆ ಹಿಡಿದುಕೊಂಡು ವರಾಂಡದಲ್ಲಿ ಶತಪಥ ತಿರುಗುವನು, ಹೆಂಡತಿ ಹಿತ್ತಲಲ್ಲಿ. ಭಾನಕ್ಕನ ಅಡುಗೆಮನೆಯಲ್ಲಿ ಮೆಣಸಿನಕಾಯಿಗೆ ರಜೆ ಸಿಕ್ಕಿತು. ಗಂಜಿ, ಮಜ್ಜಿಗೆ, ಸಪ್ಪೆ ಬೇಳೆ, ಫ್ಲಾವಿಯಾ ಕುಡಿಯಬಹುದು ಎಂದಿದ್ದ ಬಿಳೀ ಔಷಧಿ. ಅದನ್ನೂ ಕೊನೆಯ ದಿನ ಬಿಡಬೇಕಿತ್ತು, ಬಿಟ್ಟರು. ಅವನು ಒಮ್ಮೆ ಸೋತು ಅಟ್ಟದ ಕಡೆ ನೋಡಿದರೆ ಆಕೆ ಕೈಯ ದಾರ ತೋರಿಸುವಳು. ಆಕೆ ಸೋತಾಗ ಅವನು ನಗಿಸುವನು. ಮುನಿಸಿನಲ್ಲಿ ಕಳೆದ ವಾರಗಳ ಮಾತನ್ನೆಲ್ಲ ಆ ಉರಿಯಲ್ಲೇ ಆಡಿ ಮುಗಿಸಿದರು.

ಹುಣ್ಣಿಮೆಯ ಮಾರನೆಯ ದಿನ ಉಮಾಶಂಕರ ಮತ್ತೆ ಚೀಲಕ್ಕೆ ಊದಿದ. ಭಾನಕ್ಕನೂ ಊದಿದಳು. ಪೈಲೂರಿನವರು ಇಬ್ಬರ ಹೊಟ್ಟೆಯಲ್ಲೂ ಸಂಸಾರ ಹೂಡಿದ್ದರು. ಈಗ ಟ್ಯೂಬಿಗೆ ಅವನು ಎದುರು ಮಾತಾಡಲಿಲ್ಲ. ಒಳಗಿನಿಂದ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಉತ್ತರ ಬರುವವರೆಗೆ ಗಂಡಹೆಂಡತಿ ಹೇಳಿಕೊಂಡ ಹಾಗೆಯೇ ಒಟ್ಟಿಗೇ ಹೆದರಿದರು. ಕ್ಯಾನ್ಸರ್ ಇರಲಿಲ್ಲ. ಆದರೆ ಒಳಪದರ ಅಲ್ಲಲ್ಲಿ ಸವೆದು ಗುಣ ಬದಲಾಯಿಸಲು ಶುರುವಾಗಿತ್ತು. ಇದು ಅಣ್ಣ ನಡೆದ ದಾರಿಯೇ ಇರಬಹುದು, ನೀವು ಇನ್ನೂ ಅರ್ಧದಲ್ಲಿದ್ದೀರಿ ಎಂದರು ಡಾಕ್ಟರು. ಬ್ಯಾಕ್ಟೀರಿಯಾವನ್ನು ಓಡಿಸಿದರೆ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ, ಆಗಾಗ ಬಂದು ನೋಡಿಸಿಕೊಳ್ಳಬೇಕು ಎಂದೂ ಹೇಳಿದರು. ಬರುತ್ತೇವೆ ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

ಎರಡು ವಾರದ ಆಂಟಿಬಯೋಟಿಕ್ಕು. ಅದರ ಜೊತೆಗೆ, ನೋಡಿ ತಮಾಷೆ, ಅದೇ ಕ್ಯಾಪ್ಸೂಲು, ದಿನಕ್ಕೆ ಎರಡು ಸಲ. ಅಟ್ಟದಿಂದ ಇಳಿದು ಬಂದ ಡಬ್ಬಿಯನ್ನು ಭಾನಕ್ಕ ಉಪ್ಪಿನಕಾಯಿ ಪಕ್ಕ ಇಡಲಿಲ್ಲ, ಔಷಧಿಯ ಕಪಾಟಿನಲ್ಲಿಟ್ಟಳು. ಬಾಯೆಲ್ಲ ಕಹಿ, ಹೊಟ್ಟೆಯೆಲ್ಲ ತೊಳಸು. ಒಂದು ಹೊತ್ತೂ ತಪ್ಪಿಸದೆ ಮುಗಿಸಿದರು. ಮತ್ತೆ ಒಂದು ತಿಂಗಳು ಕ್ಯಾಪ್ಸೂಲು ಬಿಟ್ಟು, ಉರಿಗೆ ಬರೀ ಮಜ್ಜಿಗೆ. ಅಧಿಕ ಮಾಸ ಬಂದು ಆ ವರ್ಷ ಮಹಾಲಯ ಅಮಾವಾಸ್ಯೆ ಒಂದು ತಿಂಗಳು ತಡವಾಗಿತ್ತು, ಅದಕ್ಕೆ ಸ್ವಲ್ಪ ಮುಂಚೆ ಮತ್ತೆ ಕ್ಲಿನಿಕ್ಕಿಗೆ ಹೋದಾಗ ಫ್ಲಾವಿಯಾ ಚೀಲ ಹಿಡಿದು ಮುಂದೆ ನಿಂತಳು. ದಾವಾ ಎಂದು ಕೇಳಿದಳು. ಇಲ್ಲ ಎಂದ ಉಮಾಶಂಕರ. ಅವಳು ಒಂದು ಕ್ಷಣ ಬಿಟ್ಟು, ಭಾನಕ್ಕ ಕಲಿಸಿದ್ದನ್ನು ನಾಲಿಗೆಯಲ್ಲಿ ಜೋಡಿಸಿಕೊಂಡು, “ಗ್ಯಾಸ್ ಮಾತ್ರೆ?” ಎಂದಳು.

ಅದೂ ಇಲ್ಲ ಎಂದು ಅವನು ಅವಳ ಕಣ್ಣು ನೋಡಿ ಹೇಳಿದ. ಈ ಸಲದ ‘ಇಲ್ಲ’ ನಿಜವಾದದ್ದು, ಬಂದ ಫಲಿತಾಂಶವೂ ನಿಜವಾದದ್ದು. ಭಾನಕ್ಕನೂ ಊದಿದಳು, ಪೈಲೂರಿನವರು ಇಬ್ಬರ ಹೊಟ್ಟೆಯಿಂದಲೂ ಮನೆ ಖಾಲಿ ಮಾಡಿದ್ದರು. ಆ ಕ್ಲಿನಿಕ್ಕಿಗೆ ಹೋಗುವ ಕನ್ನಡದವರನ್ನೆಲ್ಲ ಫ್ಲಾವಿಯಾ ಈಗಲೂ ಆ ಎರಡು ಪದದಲ್ಲೇ ಕೇಳುತ್ತಾಳೆ. ಬೆಚ್ಚಿಬಿದ್ದು ನಿಜ ಹೇಳಿದವರು ಈಗಾಗಲೇ ಕೆಲವರಿದ್ದಾರೆ.

ಹಿರಿಯರ ಹಬ್ಬದ ದಿನ ಭಾನಕ್ಕ ಎಲೆ ಹಾಸಿದಳು. ಮುದ್ದೆ, ಬಸ್ಸಾರು, ಒಬ್ಬಟ್ಟು, ಬಜ್ಜಿ. ಎಲೆಯ ತುದಿಯಲ್ಲಿ ಹೋದ ವರ್ಷ ಮಾತ್ರೆ ಇಟ್ಟ ಜಾಗ ಖಾಲಿ ಇತ್ತು. ಉಮಾಶಂಕರ ಅದನ್ನೇ ನೋಡುತ್ತಾ ಕೂತಿದ್ದ. “ಅಣ್ಣನ್ನ ಯಾರೂ ಕೇಳ್ಲೇ ಇಲ್ಲ ಕಣೆ. ನಾನೂ ಕೇಳ್ಲಿಲ್ಲ,” ಎಂದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಆಮೇಲೆ ಫೋನು ತೆಗೆದು ಗುಬ್ಬಿಗೆ, ಅಣ್ಣನ ಮಗ ಸುನಿಲನಿಗೆ, ಕರೆ ಮಾಡಿದ. ಅವನೂ ಅಲ್ಲಿ ಅಪ್ಪನಿಗೆ ಎಡೆ ಇಡುವ ತಯಾರಿಯಲ್ಲಿದ್ದ. ಊಟ ಹೇಗೆ ಸೇರುತ್ತದೆ, ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದ. ಏನೂ ಇಲ್ಲ ಚಿಕ್ಕಪ್ಪ, ಆರಾಮಾಗಿದೀನಿ ಎಂಬ ಉತ್ತರ ಬಂತು. ಉಮಾಶಂಕರ ಹೆಂಡತಿಯ ಮುಖ ನೋಡಿದ.

“ಗ್ಯಾಸ್ ಮಾತ್ರೆ?” ಎಂದ.

“ಅಯ್ಯೋ, ಅದು ದಿನಾ ತಗೋತೀನಿ ಚಿಕ್ಕಪ್ಪ. ಅದೇನು ಔಷಧಿನಾ?”

ಎಂದೂ ಕೊನೆಯ ಮಾತನ್ನು ಬೇರೆಯವರಿಗೆ ಬಿಟ್ಟುಕೊಡದ ಭಾನಕ್ಕ ಫೋನಿಗೆ ಕೈ ಚಾಚಿದವಳು, ಗಂಡನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.

“ಅದೂ ಔಷಧಿನೇ ಕಣಪ್ಪ,” ಎಂದ ಉಮಾಶಂಕರ. “ಕೂತ್ಕೋ. ನಿಮ್ಮಪ್ಪಂಗೆ ನಾನು ಹೇಳ್ದೆ ಹೋದ ಮಾತು, ನಿಂಗೆ ಹೇಳ್ತೀನಿ.”

ಭಾನಕ್ಕ ಒಳಗೆ ಹೋಗಿ ಇನ್ನೊಂದು ಬಿಸಿ ಮುದ್ದೆ ತಂದು ಎಲೆಯ ತುದಿಯ ಆ ಖಾಲಿ ಜಾಗದಲ್ಲಿಟ್ಟಳು.